ಯಾರೂ ಕೇಳದ ಪ್ರಶ್ನೆಗಳು

ಹೆಸರು ಹೇಳದೆ ಪ್ರಶ್ನೆ ಕೇಳಲು ಇಂಟರ್‌ನೆಟ್ಟಿನಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಅದಕ್ಕೆ ಮೊದಲು ಬರೆಯುವವರು ಮನುಷ್ಯರಾಗಿರುವುದಿಲ್ಲ. ನಮ್ಮ ಬಿಸಿಎ ವಿಭಾಗದ ಪೆಟ್ಟಿಗೆಗೂ ಹಾಗೇ ಆಯಿತು. ನಮ್ಮದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಪಾಠ ಮುಗಿಸಿ "ಡೌಟ್ ಇದೆಯಾ?" ಅಂದರೆ ಇಡೀ ತರಗತಿ ತಲೆ ತಗ್ಗಿಸುತ್ತದೆ. ಬೆಳಗಿನ ಬಸ್ಸಿಗೆ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಲ್ಲಿ ಕೆಲವರಂತೂ ಬಾಯಿ ಬಿಡದೆಯೇ ಡಿಗ್ರಿ ಮುಗಿಸಿ ಹೋಗುತ್ತಾರೆ. ಪ್ರಿನ್ಸಿಪಾಲರ ಕೊಠಡಿಯ ಮುಂದೆ ಬೀಗ ಹಾಕಿದ ದೂರು ಪೆಟ್ಟಿಗೆಯೊಂದು ಇದೆ. ತೆಗೆದರೆ ಅದರಲ್ಲಿ ಸಿಗುವುದು ಚಾಕೊಲೇಟ್ ಕಾಗದ, ಹರಿದ ಬಸ್ ಟಿಕೆಟ್. ಹಾಗಾಗಿ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಕೇಳಿಕೊಂಡು ಬಂದಾಗ, "ಹೆಸರಿಲ್ಲದೆ ಡೌಟ್ ಕೇಳುವ ಪೆಟ್ಟಿಗೆ ಮಾಡಿ" ಅಂದೆ. ಲಾಗಿನ್ ಬೇಡ, ಫೋನ್ ನಂಬರ್ ಬೇಡ. ಪ್ರಶ್ನೆ ಬರೆದು ಒತ್ತಿದರೆ ಒಂದು ಗುಟ್ಟಿನ ಕೋಡ್ ಬರುತ್ತದೆ, ನಾಳೆ ಅದೇ ಕೋಡ್ ಹಾಕಿದರೆ ಉತ್ತರ ಕಾಣುತ್ತದೆ. ಚೆನ್ನಾಗಿಯೇ ಮಾಡಿದರು. ಕ್ಯೂಆರ್ ಕೋಡ್ ಮುದ್ರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆವು.

ಮಾರನೆಯ ಬೆಳಗ್ಗೆ ತೆರೆದರೆ ಪೆಟ್ಟಿಗೆ ತುಂಬಿತ್ತು. ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಒಂದರಲ್ಲಿ "ಮನೆಯಲ್ಲೇ ಕೂತು ದಿನಕ್ಕೆ ಮೂರು ಸಾವಿರ" ಅಂತ ಇಂಗ್ಲಿಷಿನಲ್ಲಿ. ಇನ್ನೊಂದರಲ್ಲಿ ನಮ್ಮ ಪೆಟ್ಟಿಗೆಯ ವಿನ್ಯಾಸವನ್ನು ಹೊಗಳಿ ಕೆಳಗೆ ಯಾವುದೋ ಔಷಧಿ ಅಂಗಡಿಯ ಲಿಂಕ್. ರಷ್ಯನ್ ಲಿಪಿಯಲ್ಲಿ ಒಂದಿಷ್ಟು. ಬೆಟ್ಟಿಂಗ್, ಸಾಲ, ಕ್ರಿಪ್ಟೊ. ಡೇಟಾ ಸ್ಟ್ರಕ್ಚರ್ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ.

ಮಕ್ಕಳಿಗೆ ಅವಮಾನವಾದಂತಾಯಿತು. "ನಮ್ಮ ಕಾಲೇಜು ಇವರಿಗೆ ಹೇಗೆ ಗೊತ್ತಾಯ್ತು ಮೇಡಂ?" ಗೊತ್ತಾಗಿರಲಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ತಾವಾಗಿಯೇ ಓಡುವ ಇಂಥ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು, ಊರೂರು ನೋಡಿಕೊಂಡು ಬರುವುದಿಲ್ಲ. ಪುಟದಿಂದ ಪುಟಕ್ಕೆ ಹರಿದಾಡುತ್ತ, ಬರೆಯಲು ಜಾಗವಿರುವ ಫಾರಂ ಎಲ್ಲೇ ಕಂಡರೂ ತುಂಬಿಸಿ ಕಳಿಸುತ್ತವೆ. ಲಾಗಿನ್ ಕೇಳದ ಫಾರಂ ಅಂದರೆ ಅವಕ್ಕೆ ಬಿಟ್ಟಿ ಗೋಡೆ ಸಿಕ್ಕ ಹಾಗೆ. ಸರ್ವರಿನ ಲಾಗ್ ತೆರೆದು ತೋರಿಸಿದೆ. ಒಂದೇ ವಾಕ್ಯ, ಒಂದೇ ಸೆಕೆಂಡಿನಲ್ಲಿ, ಬೇರೆ ಬೇರೆ ದೇಶಗಳ ವಿಳಾಸಗಳಿಂದ ಬಂದಿತ್ತು. ಪುಟ ತೆರೆದದ್ದಕ್ಕೂ ಕಳಿಸಿದ್ದಕ್ಕೂ ನಡುವೆ ಅಂತರವೇ ಇರಲಿಲ್ಲ. ನಮ್ಮ ಹುಡುಗರು "ಮೇಡಂ" ಅಂತ ಟೈಪು ಮಾಡಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆ ಅಂತರವೇ ನಮಗೆ ಸಿಕ್ಕ ಮೊದಲ ಜರಡಿ. ಪುಟ ತೆರೆದ ಕ್ಷಣಮಾತ್ರದಲ್ಲಿ ಬಂದದ್ದನ್ನು ಪಕ್ಕಕ್ಕೆ ತಳ್ಳಿದೆವು. ಎರಡನೆಯದು ಹನಿಪಾಟ್. ಫಾರಂನಲ್ಲಿ ಒಂದು ಹೆಚ್ಚುವರಿ ಖಾನೆ ಇಟ್ಟು ಅದು ಪರದೆಯ ಮೇಲೆ ಕಾಣದ ಹಾಗೆ ಮಾಡುವುದು. ಮನುಷ್ಯರಿಗೆ ಕಾಣದ್ದರಿಂದ ಖಾಲಿ ಬಿಡುತ್ತಾರೆ. ಬಾಟ್ ಓದುವುದು ಪುಟದ ಹಿಂದಿನ ಕೋಡನ್ನಾದ್ದರಿಂದ ಅಲ್ಲೂ ಶ್ರದ್ಧೆಯಿಂದ ಏನೋ ತುಂಬುತ್ತದೆ. ಖಾನೆ ತುಂಬಿದ್ದರೆ ಕಸ ಅಂತ ಲೆಕ್ಕ. ಇಷ್ಟಕ್ಕೇ ಮುಕ್ಕಾಲು ಪಾಲು ಕಸ ನಿಂತಿತು.

ಆಮೇಲೆ ಒಂದು ಮಧ್ಯಾಹ್ನ ಎರಡನೇ ವರ್ಷದ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಅವಳಿಗೆ ದೃಷ್ಟಿಯಿಲ್ಲ, ಫೋನನ್ನು ಸ್ಕ್ರೀನ್ ರೀಡರಿನ ದನಿ ಕೇಳಿಕೊಂಡು ಬಳಸುತ್ತಾಳೆ. "ನಾನು ಕೇಳಿದ ಯಾವುದಕ್ಕೂ ಉತ್ತರ ಬರ್ತಿಲ್ಲ ಮೇಡಂ. ಎಲ್ಲರಿಗೂ ಬರ್ತಿದೆಯಂತೆ." ಅವಳ ಫೋನಿನಲ್ಲೇ ಫಾರಂ ತೆರೆಸಿ ಕೇಳಿಸಿಕೊಂಡೆ. ಕಣ್ಣಿಗೆ ಕಾಣದ ಆ ಖಾನೆಯನ್ನು ಸ್ಕ್ರೀನ್ ರೀಡರ್ ಗಟ್ಟಿಯಾಗಿ ಓದಿ ಹೇಳುತ್ತಿತ್ತು: "ವೆಬ್‌ಸೈಟ್, ಎಡಿಟ್ ಬಾಕ್ಸ್." ಕೇಳುತ್ತಿದ್ದಾರಲ್ಲ ಅಂತ ಅವಳು ಪ್ರತಿ ಸಲವೂ ಕಾಲೇಜಿನ ವೆಬ್‌ಸೈಟ್ ವಿಳಾಸ ತುಂಬಿ ಕಳಿಸಿದ್ದಳು. ಕಸದ ಫೋಲ್ಡರಿನಲ್ಲಿ ಅವಳ ಪ್ರಶ್ನೆಗಳೆಲ್ಲ ಸಾಲಾಗಿ ಬಿದ್ದಿದ್ದವು. ಪಾಯಿಂಟರ್ ಬಗ್ಗೆ ಎರಡು, ಸ್ಕಾಲರ್‌ಶಿಪ್ ಬಗ್ಗೆ ಒಂದು, ಕೊನೆಯದು "ಈ ಬಾಕ್ಸ್ ಯಾರಾದರೂ ಓದ್ತೀರಾ?" ಖಾನೆಯನ್ನು ಸ್ಕ್ರೀನ್ ರೀಡರಿನಿಂದಲೂ ಮರೆಮಾಡುವ ಉಪಾಯವಿದೆ, ಒಂದೆರಡು ಪದ ಸೇರಿಸಿದರೆ ಆಯಿತು. ಅವತ್ತೇ ಸೇರಿಸಿದರು. ಸ್ಪ್ಯಾಮ್ ತಡೆಯುವ ಲೆಕ್ಕದಲ್ಲಿ ಎಷ್ಟು ಕಸ ನಿಂತಿತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಯಾರ ಮಾತು ನಿಂತಿತು ಅನ್ನುವುದು ತಾನಾಗಿ ತಿಳಿಯುವುದಿಲ್ಲ, ಅವರೇ ಎದ್ದು ಬಂದು ಹೇಳಬೇಕು. ಹೆಸರು ಹೇಳಲು ಹಿಂಜರಿಯುವವರಿಗಾಗಿ ಮಾಡಿದ ಪೆಟ್ಟಿಗೆಯಲ್ಲಿ ಹಾಗೆ ಎದ್ದು ಬರುವವರು ಎಷ್ಟು ಮಂದಿ?

ಕ್ಯಾಪ್ಚಾ ಹಾಕೋಣ ಅಂದರು ಹುಡುಗರು. ಮನುಷ್ಯನೋ ಯಂತ್ರವೋ ಅಂತ ಪರೀಕ್ಷಿಸುವ ಈ ಉಪಾಯಕ್ಕೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮತ್ತವರ ಜೊತೆಗಾರರು ಆ ಹೆಸರಿಟ್ಟು ಇಪ್ಪತ್ತು ವರ್ಷ ದಾಟಿದೆ. ಈಗ ಕ್ಯಾಪ್ಚಾ ಬಿಡಿಸಿಕೊಡಲೆಂದೇ ಕೂಲಿಗೆ ಕೂತ ಮನುಷ್ಯರಿದ್ದಾರೆ, ಬಾಟ್‌ಗಳು ಅವರ ಕೈಯಲ್ಲಿ ಬಿಡಿಸಿಕೊಂಡು ಮುಂದೆ ಹೋಗುತ್ತವೆ. ನಮ್ಮಂಥ ಸಣ್ಣ ಜಾಗಕ್ಕೆ ಅಷ್ಟು ಖರ್ಚು ಯಾರೂ ಮಾಡರು ಅನ್ನುವ ಧೈರ್ಯದಿಂದ ನಮ್ಮದೇ ಪ್ರಶ್ನೆ ಇಟ್ಟೆವು: "ಒಗ್ಗರಣೆಯಲ್ಲಿ ಚಟಪಟ ಸಿಡಿಯುವುದು ಯಾವುದು?" ಬಾಟ್‌ಗಳು ಆ ವಾರವೇ ಬಹುಪಾಲು ನಿಂತವು. ಮಕ್ಕಳು ಮಾತ್ರ ಸಾಸಿವೆ, ಸಾಸುವೆ, ಸಾಸ್ವೆ, ಸಾಸ್ಮೆ ಅಂತ ತಮ್ಮ ತಮ್ಮ ಮನೆಯ ಉಚ್ಚಾರಣೆಯಲ್ಲಿ, ಅದರಲ್ಲೂ ಅರ್ಧಕ್ಕರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹೊರಗೇ ಉಳಿದರು. ಒಬ್ಬ "ಎಣ್ಣೆ" ಅಂತ ಬರೆದಿದ್ದ. ಅವನು ಅಡುಗೆಮನೆಗೆ ಕಾಲಿಟ್ಟವನಲ್ಲ ಅಂತ ಮಾತ್ರ ಖಚಿತವಾಯಿತು.

ಇಷ್ಟು ಹೊರಗಿನಿಂದ ಬರುವ ಕಸದ ಮಾತು. ಒಳಗಿನಿಂದಲೇ ಹುಟ್ಟುವ ಕಸ ಇನ್ನೊಂದಿದೆ. ಅದನ್ನು ಕಂಡದ್ದು ಅಕ್ಕನ ಮಗಳ ಫೋನಿನಲ್ಲಿ.

ಅವಳು ಪಿಯುಸಿ. ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಒಂದು ಲಿಂಕ್ ಹಾಕಿದ್ದಳು: "ನನ್ನ ಬಗ್ಗೆ ಏನು ಬೇಕಾದರೂ ಹೇಳಿ, ನೀವು ಯಾರು ಅಂತ ಗೊತ್ತಾಗಲ್ಲ." ಆ್ಯಪ್ ಯಾವುದು ಅನ್ನುವುದು ಇಲ್ಲಿ ಬೇಡ, ಅಂಥವು ಹತ್ತಾರಿವೆ. ಒಂದು ವಾರ ಊಟ ಸೇರದೆ, ಯಾರ ಜೊತೆಗೂ ಮಾತಿಲ್ಲದೆ ಕೂತಿದ್ದಳು. ಅಕ್ಕ ಫೋನ್ ಮಾಡಿ ಕರೆಸಿಕೊಂಡಳು. "ನೀನೇ ಕೇಳು, ಕಂಪ್ಯೂಟರ್ ವಿಷಯ ಅಂತಾಳೆ."

"ಯಾರೋ ಹೀಗೆ ಕೇಳಿದಾರೆ ಚಿಕ್ಕಮ್ಮ" ಅಂತ ತೋರಿಸಿದಳು. ನೀನು ಮಾಡಿದ್ದು ನನಗೆ ಗೊತ್ತು ಅನ್ನುವ ಅರ್ಥದ ಒಂದು ಸಾಲು. ಯಾರನ್ನಾದರೂ ಗುಟ್ಟಾಗಿ ಇಷ್ಟಪಡುತ್ತೀಯಾ ಅಂತ ಇನ್ನೊಂದು. ಕೆಳಗೆ ಬಣ್ಣದ ಬಟನ್: ಕಳಿಸಿದವರ ಸುಳಿವು ಬೇಕೆ, ಹಣ ಕಟ್ಟಿ. ಇವಳು ಆಗಲೇ ಮನಸ್ಸಿನಲ್ಲಿ ಮೂರು ಹೆಸರು ಹಿಡಿದಿಟ್ಟುಕೊಂಡಿದ್ದಳು. ಅದರಲ್ಲೊಬ್ಬಳು ಒಂದನೇ ಕ್ಲಾಸಿನಿಂದ ಜೊತೆಗೆ ಓದಿದ ಗೆಳತಿ. ಅವಳ ಜೊತೆ ಮಾತು ಬಿಟ್ಟೇ ಬಿಟ್ಟಿದ್ದಳು.

ಚಿಕ್ಕಂದಿನಲ್ಲಿ ನಮ್ಮೂರಿಗೆ ಬೆಳಗಿನ ಜಾವ ಬರುತ್ತಿದ್ದ ಬುಡಬುಡಿಕೆಯವನು ನೆನಪಾದ. ಹಾಲಕ್ಕಿ ನುಡಿದೈತೆ ಅಂತ ಶುರುಮಾಡಿ, "ಈ ಮನೆಯ ಹಿರೇ ಜೀವಕ್ಕೆ ಒಂದು ಚಿಂತೆ ಐತೆ" ಅನ್ನುತ್ತಿದ್ದ. ಚಿಂತೆಯಿಲ್ಲದ ಹಿರೇ ಜೀವ ಯಾವ ಮನೆಯಲ್ಲಿದೆ? ಉಳಿದದ್ದನ್ನು ಅಜ್ಜಿಯೇ ತುಂಬಿಕೊಳ್ಳುತ್ತಿದ್ದರು, ಮೊರದ ಅಕ್ಕಿಯ ಜೊತೆಗೆ ಹಳೆ ಸೀರೆಯನ್ನೂ ಕೊಟ್ಟು ಕಳಿಸುತ್ತಿದ್ದರು. ಆದರೂ ಅವನು ಮುಖ ತೋರಿಸಿ ನಿಲ್ಲುತ್ತಿದ್ದ, ಬೇಕಾದರೆ ಜಗಳ ಆಡಬಹುದಿತ್ತು.

ಅವಳ ಎದುರಿಗೇ ಅದೇ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡೆ. ಹೊಸ ಹೆಸರಿನಲ್ಲಿ ಒಂದು ಲಿಂಕ್ ಮಾಡಿದೆ, ಯಾರಿಗೂ ಕೊಡಲಿಲ್ಲ. ಸಂಜೆ ಕಾಫಿ ಹೊತ್ತಿಗೆ ಫೋನ್ ಟಿಂಗ್ ಅಂದಿತು: ಯಾರೋ ಅನಾಮಿಕರು ಪ್ರಶ್ನೆ ಕೇಳಿದ್ದಾರೆ! ಗುಟ್ಟಾಗಿ ಯಾರನ್ನು ಇಷ್ಟಪಡುತ್ತೀಯಾ ಅಂತ, ನಲವತ್ತು ದಾಟಿದ ನನಗೆ. ಅವಳು ನನ್ನ ಫೋನನ್ನೂ ತನ್ನ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿದಳು. ಆಮೇಲೆ ಎದ್ದು ಹೋಗಿ ಗೆಳತಿಗೆ ಫೋನ್ ಮಾಡಿದಳು. ಏನು ಮಾತಾಡಿದರೋ ಕೇಳಲು ಹೋಗಲಿಲ್ಲ.

ಇದು ಅನುಮಾನದ ಮಾತಷ್ಟೇ ಅಲ್ಲ, ಬೇರೆ ಕಡೆ ಕಾನೂನಿನ ದಾಖಲೆಗೂ ಬಂದಿದೆ. ಎನ್‌ಜಿಎಲ್ ಅನ್ನುವ ಆ್ಯಪಿನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಲಾಸ್ ಏಂಜಲೀಸಿನ ಜಿಲ್ಲಾ ಅಟಾರ್ನಿ ಕಚೇರಿ ಸೇರಿ ಹೂಡಿದ ದಾವೆ 2024ರ ಜುಲೈಯಲ್ಲಿ ರಾಜಿಯಲ್ಲಿ ಮುಗಿಯಿತು. ಗೆಳೆಯರು ಕಳಿಸಿದ್ದು ಅನ್ನಿಸುವಂಥ ನಕಲಿ ಪ್ರಶ್ನೆಗಳನ್ನು ಕಂಪನಿಯೇ ಕಳಿಸುತ್ತಿತ್ತು, ಕಳಿಸಿದವರ ಸುಳಿವು ಕೊಡುತ್ತೇವೆ ಅಂತ ವಾರಕ್ಕೆ 9.99 ಡಾಲರಿನವರೆಗೆ ವಸೂಲು ಮಾಡುತ್ತಿತ್ತು ಅನ್ನುವುದು ಆರೋಪ. ಕಂಪನಿ 50 ಲಕ್ಷ ಡಾಲರ್ ಕೊಡಲು ಒಪ್ಪಿತು, 18 ವರ್ಷದೊಳಗಿನವರಿಗೆ ಆ್ಯಪ್ ಕೊಡಬಾರದು ಅಂತಲೂ ಆಯಿತು. 2025ರ ಸೆಪ್ಟೆಂಬರಿನಲ್ಲಿ ಸೆಂಡಿಟ್ ಅನ್ನುವ ಇನ್ನೊಂದು ಆ್ಯಪಿನ ಮೇಲೂ ಅದೇ ಕಮಿಷನ್ ಹೆಚ್ಚುಕಡಿಮೆ ಇದೇ ಬಗೆಯ ಆರೋಪ ಹೊರಿಸಿ ಕೋರ್ಟಿಗೆ ಹೋಯಿತು.

ಕಂಪನಿಗಳು ಯಾಕೆ ಹೀಗೆ ಮಾಡಬೇಕು? ನಮ್ಮ ಕಾಲೇಜಿನ ಪೆಟ್ಟಿಗೆ ನಡೆಸಿ ನನಗೆ ಗೊತ್ತು, ಖಾಲಿ ಪೆಟ್ಟಿಗೆಯನ್ನು ಯಾರೂ ಮತ್ತೆ ತೆರೆಯುವುದಿಲ್ಲ. 2009ರ ಫಾರ್ಮ್‌ಸ್ಪ್ರಿಂಗ್, ಮರುವರ್ಷ ಲಾಟ್ವಿಯಾದಲ್ಲಿ ಹುಟ್ಟಿದ ಆಸ್ಕ್ ಎಫ್‌ಎಂ, 2017ರಲ್ಲಿ ನಮ್ಮವರ ಫೇಸ್‌ಬುಕ್ ಗೋಡೆಗಳನ್ನೆಲ್ಲ ತುಂಬಿಕೊಂಡಿದ್ದ ಸೌದಿಯ ಸರಾಹಾ, ಎಲ್ಲವೂ ಹೀಗೆ ದಿಢೀರನೆ ಏರಿದವು. ಸರಾಹಾ ಮರುವರ್ಷದ ಹೊತ್ತಿಗೆ ಆ್ಯಪ್ ಸ್ಟೋರುಗಳಿಂದಲೇ ಮಾಯ. ಹೊಸ ಲಿಂಕಿಗೆ ಗೆಳೆಯರು ಒಂದೆರಡು ದಿನ ಬರೆಯುತ್ತಾರೆ, ಆಮೇಲೆ ಅವರಿಗೆ ಬೇಸರ. ಆ ಮೌನವನ್ನು ಯಂತ್ರದಿಂದ ತುಂಬಿಸುವ ಆಸೆ ಯಾವ ವ್ಯಾಪಾರಿಗೂ ಬರಬಹುದು. ಕಳಿಸಿದವರ ಹೆಸರೇ ಇಲ್ಲದ ಜಾಗದಲ್ಲಿ ಯಂತ್ರವನ್ನು ಹಿಡಿಯುವವರಾದರೂ ಯಾರು? ಹೊರಗಿನ ಬಾಟ್ ಲಿಂಕ್ ಒತ್ತಿಸಲು ಬರುತ್ತದೆ, ಅದನ್ನು ಗುರುತಿಸಬಹುದು. ಒಳಗಿನದು ನಮ್ಮ ಗೆಳೆಯರ ಜಾಗದಲ್ಲಿ ಬಂದು ಕೂರುತ್ತದೆ. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಕೆಟ್ಟದ್ದು.

ತರಗತಿಯಲ್ಲಿ ಈಗ ಇದನ್ನು ಪಾಠದ ಹಾಗೇ ಹೇಳುತ್ತೇನೆ. ಬಂದ ಪ್ರಶ್ನೆಯನ್ನು ಪಕ್ಕದವರಿಗೆ ಕೊಟ್ಟು ನೋಡಿ, ಅವರಿಗೂ ಹೊಂದಿದರೆ ಅದು ನಿಮಗೆ ಬಂದದ್ದಲ್ಲ. ನಮ್ಮ ಕ್ಯಾಂಟೀನಾಗಲಿ, ಮೇಷ್ಟ್ರಾಗಲಿ, ನಿನ್ನೆ ಲೇಟಾದ ಬಸ್ಸಾಗಲಿ ಮಾತಿನಲ್ಲಿ ಎಲ್ಲೂ ಸುಳಿಯದಿದ್ದರೆ ಅನುಮಾನಪಡಿ. ಟೆಲಿಗ್ರಾಂಗೆ ಬಾ ಅಂದರೆ ಮುಗಿಯಿತು, ಅಲ್ಲಿಗೇ ಬಿಡಿ. ದುಡ್ಡು ಹೋಗಿದ್ದರೆ ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲು ಭಾಷೆಯಿಂದಲೂ ಪತ್ತೆ ಹಚ್ಚುತ್ತಿದ್ದೆವು, ಬಾಟ್‌ಗೆ ಕನ್ನಡ ಬರುತ್ತಿರಲಿಲ್ಲ. ಈಗ ಬರುತ್ತದೆ. "ಪ್ರಿಯ ಸ್ನೇಹಿತರೇ, ನೀವು ಆರೋಗ್ಯವಾಗಿದ್ದೀರಿ ಎಂದು ಭಾವಿಸುತ್ತೇನೆ" ಅಂತ ಶುರುವಾಗುತ್ತದೆ. ನಮ್ಮ ಮಕ್ಕಳಲ್ಲಿ ಹಾಗೆ ಬರೆಯುವವರು ಯಾರೂ ಇಲ್ಲ, ರಜಾ ಅರ್ಜಿಯಲ್ಲೂ ಇಲ್ಲ.

ಆದರೆ ಈ ಪಾಠ ಅತಿಯಾದರೂ ಕಷ್ಟ. ಒಂದು ಸಲ ಬೆಟ್ಟಿಂಗ್ ಮೆಸೇಜುಗಳ ನಡುವೆ ಒಂದು ಸಾಲು ಸಿಕ್ಕಿಕೊಂಡಿತ್ತು: "ಯಾವುದೂ ಬೇಡ ಅನ್ನಿಸ್ತಿದೆ." ಊರು ಹೆಸರು ಏನೂ ಇಲ್ಲ, ಯಾರಿಗೆ ಬೇಕಾದರೂ ಹೊಂದುವ ಮಾತು. ಪೆಟ್ಟಿಗೆ ನೋಡಿಕೊಳ್ಳುವ ಹುಡುಗ "ಇದೂ ಬಾಟ್ ಮೇಡಂ" ಅಂದ, ನಾನು ಕಲಿಸಿದ ಲೆಕ್ಕದ ಪ್ರಕಾರ ಸರಿಯಾಗಿಯೇ ಅಂದ. ಅಳಿಸಬೇಡ ಅಂದೆ. ಅಷ್ಟು ದಿನ ಕಸ ಓದಿ ಓದಿ ಒಂದು ಗಮನಕ್ಕೆ ಬಂದಿತ್ತು. ಯಂತ್ರದ ಮಾತೆಲ್ಲ "ನೀನು", "ನೀವು" ಅಂತಲೇ ಇರುತ್ತದೆ. ನಿನಗೆ ಗೊತ್ತಾ, ನಿನ್ನ ಬಗ್ಗೆ, ನೀನು ಗೆದ್ದಿದ್ದೀಯ. ಓದುವವರನ್ನು ಕೆಣಕುವುದೇ ಅದರ ಕೆಲಸ. ಇದರಲ್ಲಿ ನಮ್ಮನ್ನು ಕೆಣಕುವಂಥದ್ದು ಏನೂ ಇರಲಿಲ್ಲ. ಆ ಕೋಡಿಗೆ ಉತ್ತರ ಬರೆದೆವು: ಇಲ್ಲಿ ಓದುವವರು ಮನುಷ್ಯರೇ, ಯಾವ ಹೊತ್ತಿಗಾದರೂ 14416ಕ್ಕೆ ಫೋನ್ ಮಾಡಬಹುದು, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ನನ್ನ ಜೊತೆ ಮಾತಾಡಬೇಕಾದರೆ ಲ್ಯಾಬ್ ಪಕ್ಕದ ಕೊಠಡಿಯಲ್ಲಿ ಇರುತ್ತೇನೆ. ಉತ್ತರವನ್ನು ಯಾರೋ ತೆರೆದು ಓದಿದ್ದು ಲಾಗ್‌ನಲ್ಲಿ ಕಂಡಿತು. ಬಾಟ್‌ಗಳು ಉತ್ತರ ಓದಲು ವಾಪಸ್ ಬರುವುದಿಲ್ಲ.

ಅಂದಿನಿಂದ ಪೆಟ್ಟಿಗೆಯಲ್ಲಿ ತಾನಾಗಿ ಅಳಿಸುವ ವ್ಯವಸ್ಥೆ ತೆಗೆಸಿದ್ದೇನೆ. ಕಸ ಬೇರೆ ಫೋಲ್ಡರಿಗೆ ಹೋಗುತ್ತದೆ, ಪ್ರತಿ ಸಂಜೆ ಒಬ್ಬರು ಕೂತು ಮೇಲಿಂದ ಕೆಳಗೆ ಕಣ್ಣಾಡಿಸುತ್ತಾರೆ. ಬೇಸರದ ಕೆಲಸ, ಹುಡುಗರು ಗೊಣಗುತ್ತಾರೆ, ಇಂಟರ್ನಲ್ಸ್ ಇದ್ದಾಗ ನಾನೇ ಕೂರುತ್ತೇನೆ. ಈ ವರ್ಷ ಸೇರಿದ ಮಕ್ಕಳು ಪ್ರಶ್ನೆಯ ಕೊನೆಗೆ "ನಾನು ಬಾಟ್ ಅಲ್ಲ ಮಿಸ್, ಪ್ರಾಮಿಸ್" ಅಂತ ತಾವಾಗಿಯೇ ಸೇರಿಸತೊಡಗಿದ್ದಾರೆ. ಅದನ್ನು ನೋಡಿದರೆ ಬಿಟ್ಟುಬಿಡುವ ಹಾಗೆ ಫಿಲ್ಟರ್ ಮಾಡೋಣವೇ ಅಂತ ಹುಡುಗನೊಬ್ಬ ಕೇಳಿದ. ಬೇಡ ಅಂದೆ, ನಾಳೆ ಬಾಟ್‌ಗಳೂ ಅದನ್ನೇ ಬರೆಯುತ್ತವೆ.