ಕಂಪ್ಯೂಟರ್ ಹಾಕಿದರೆ ರೇಡಿಯೊ ಗೊರಗೊರ: ಮನೆಯಲ್ಲೇ ಇದೆ ಮದ್ದು

ಬೆಳಗಿನ ಪ್ರದೇಶ ಸಮಾಚಾರ ಕೇಳದೆ ಹೊಲದ ಕಡೆ ಹೆಜ್ಜೆ ಹಾಕದ ಹಿರಿಯರು ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಜಗಲಿಯ ಗೂಡಿನಲ್ಲಿ ರೇಡಿಯೊ ಮಾತಾಡುತ್ತಿರುತ್ತದೆ. ಅಷ್ಟರಲ್ಲಿ ಮೊಮ್ಮಗ ಒಳಮನೆಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತುತ್ತಾನೆ. ವಾರ್ತೆ ಓದುವವರ ದನಿ ಕಲ್ಲು ಬಿದ್ದ ಜೇನುಗೂಡಿನ ಮೊರೆತದಲ್ಲಿ ಮುಳುಗಿಹೋಗುತ್ತದೆ. ‘ರೇಡಿಯೊ ಕೆಟ್ಟೋಯ್ತು ಕಣ್ಲಾ’ ಎಂದು ಅಜ್ಜ ಅದನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಗಿಣಿಯಂತೆ ಮಾತಾಡುತ್ತದೆ. ಮನೆಗೆ ತಂದರೆ ಮತ್ತೆ ಗುಂಯ್!

ಕೆಟ್ಟಿರುವುದು ರೇಡಿಯೊ ಅಲ್ಲ. ಕಂಪ್ಯೂಟರೂ ತನಗೆ ಗೊತ್ತಿಲ್ಲದೆ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿದೆ, ಅಷ್ಟೇ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ‘ಆಕಾಶವಾಣಿ’ ಶುರುಮಾಡಿದಾಗ ಅವರ ಬಳಿ ಇದ್ದದ್ದು 30 ವ್ಯಾಟಿನ ಪ್ರೇಷಕ. ಇಂದಿನ ಸಾಧಾರಣ ಡೆಸ್ಕ್‌ಟಾಪ್ ಕಂಪ್ಯೂಟರ್ ಸುಮ್ಮನೆ ಕೂತು ನುಂಗುವ ಕರೆಂಟೇ ಅದಕ್ಕಿಂತ ಹೆಚ್ಚು. ಆ ಕರೆಂಟಿನಲ್ಲಿ ಒಂದು ಚಿಟಿಕೆ ತರಂಗವಾಗಿ ಸೋರಿದರೂ ಪಕ್ಕದಲ್ಲಿರುವ ರೇಡಿಯೊಗೆ ಅದು ಗುಡುಗು.

612ರ ಲೆಕ್ಕ

ಕಂಪ್ಯೂಟರ್ ಡಬ್ಬಿಯೊಳಗಿನ ಎಸ್‌ಎಂಪಿಎಸ್ ಗೋಡೆಯಿಂದ ಬಂದ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುತ್ತದೆ. ಹೀಗೆ ಕತ್ತರಿಸುವ ಲಯ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ಹತ್ತರಷ್ಟು ಆವರ್ತನಗಳಲ್ಲೂ ಮರಿ ಹಾಕುತ್ತಾ ಹೋಗುತ್ತದೆ. ಒಂದು ಎಸ್‌ಎಂಪಿಎಸ್ 68 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದೆ ಎನ್ನಿ. ಅದರ ಒಂಬತ್ತನೆಯ ಮರಿ ಎಷ್ಟಕ್ಕೆ ಬೀಳುತ್ತದೆ? ಸರಿಯಾಗಿ 612 ಕಿಲೋಹರ್ಟ್ಸ್‌ಗೆ, ಅಂದರೆ ಆಕಾಶವಾಣಿ ಬೆಂಗಳೂರಿನ ಮಧ್ಯಮ ತರಂಗದ ತಲೆಯ ಮೇಲೆ.

ಎಫ್‌ಎಂ ಕೇಳುವವರೂ ಪಾರಾಗಿಲ್ಲ. ಈಗಿನ ಹೆಚ್ಚಿನ ಕಂಪ್ಯೂಟರುಗಳ ಮದರ್‌ಬೋರ್ಡಿನ ಮೂಲ ಗಡಿಯಾರ ಮಿಡಿಯುವುದು 100 ಮೆಗಾಹರ್ಟ್ಸ್‌ನಲ್ಲಿ. ಮೈಸೂರು ಆಕಾಶವಾಣಿ ಸಿಗುವುದು 100.6ರಲ್ಲಿ. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳು!

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅಡಚಣೆ ಎನ್ನುವುದು ಗದ್ದಲ ಎಷ್ಟಿದೆ ಎನ್ನುವುದರ ಮೇಲಷ್ಟೇ ನಿಂತಿಲ್ಲ, ಸ್ಟೇಷನ್ ಎಷ್ಟು ಗಟ್ಟಿಯಾಗಿ ಬರುತ್ತಿದೆ ಎನ್ನುವುದರ ಮೇಲೂ ನಿಂತಿದೆ. ಶ್ರೀರಂಗಪಟ್ಟಣ ಮೈಸೂರಿನ ಮಗ್ಗುಲಲ್ಲೇ ಇದೆ, 100.6 ಅಲ್ಲಿ ಕಂಪ್ಯೂಟರಿನ ಗದ್ದಲವನ್ನು ತುಳಿದುಕೊಂಡೇ ಬರುತ್ತದೆ. ಪಾಂಡವಪುರದಲ್ಲೂ ಬಹುಪಾಲು ಹಾಗೆಯೇ. ಅದೇ ಕಂಪ್ಯೂಟರನ್ನು ಕೆ.ಆರ್. ಪೇಟೆಗೋ ನಾಗಮಂಗಲದ ಆಚೆಗೋ ಒಯ್ದರೆ ಸ್ಟೇಷನ್ ಸೊರಗಿರುತ್ತದೆ, ಗದ್ದಲ ಮಾತ್ರ ಅಷ್ಟೇ ಇರುತ್ತದೆ. ಪಟ್ಟಣದ ನೆಂಟರ ಮನೆಯಲ್ಲಿ ಇಲ್ಲದ ತೊಂದರೆ ನಮ್ಮ ಮನೆಯಲ್ಲೇಕೆ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದು.

ಮೊದಲು ಕಳ್ಳನನ್ನು ಹಿಡಿಯಿರಿ

ದುಡ್ಡು ಬಿಚ್ಚುವ ಮೊದಲು ತಪ್ಪು ಯಾರದೆಂದು ಖಾತ್ರಿಯಾಗಬೇಕು. ರೇಡಿಯೊಗೆ ಸೆಲ್ ಹಾಕಿ. ಗೋಡೆಯ ಕರೆಂಟಿನಲ್ಲಿ ನಡೆಸಬೇಡಿ. ಗದ್ದಲ ಇರುವ ಸ್ಟೇಷನ್ನಿಗೆ ಮುಳ್ಳು ತಿರುಗಿಸಿಟ್ಟು ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಆಮೇಲೆ ಅದರ ಮತ್ತು ಜೊತೆಯ ಉಪಕರಣಗಳ ಪ್ಲಗ್ಗುಗಳನ್ನೂ ಕಿತ್ತುಬಿಡಿ. ಇದು ಮುಖ್ಯ: ಶಟ್‌ಡೌನ್ ಆದ ಮೇಲೂ ಎಸ್‌ಎಂಪಿಎಸ್‌ನ ಒಂದು ಭಾಗ ಎಚ್ಚರವಾಗಿಯೇ ಇರುತ್ತದೆ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಈಗ ಮಾನಿಟರ್, ಪ್ರಿಂಟರ್, ರೂಟರ್, ಸ್ಪೀಕರ್, ಯುಪಿಎಸ್ ಒಂದೊಂದನ್ನೇ ಹಾಕುತ್ತಾ ಬನ್ನಿ. ಎಷ್ಟೋ ಸಲ ದೂರು ಕಂಪ್ಯೂಟರಿನ ಮೇಲಿದ್ದರೂ ಸಿಕ್ಕಿಬೀಳುವುದು ರೂಟರಿನ ಅಗ್ಗದ ಅಡಾಪ್ಟರ್, ಇಲ್ಲವೇ ಅದೇ ಬೋರ್ಡಿಗೆ ಸಿಕ್ಕಿಸಿದ ಮೊಬೈಲ್ ಚಾರ್ಜರ್.

ಲ್ಯಾಪ್‌ಟಾಪ್ ಆದರೆ ಪರೀಕ್ಷೆ ಇನ್ನೂ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ಹೋದರೆ ತಪ್ಪು ಚಾರ್ಜರಿನದು, ಲ್ಯಾಪ್‌ಟಾಪಿನದಲ್ಲ.

ಹಳ್ಳಿಯವರಿಗೆ ಪೇಟೆಯವರಿಗಿಂತ ಒಂದು ಅನುಕೂಲ ಹೆಚ್ಚು: ಕರೆಂಟು ಹೋಗುತ್ತಿರುತ್ತದೆ. ಬೈಯುವ ಬದಲು ಆ ಹೊತ್ತಿನಲ್ಲಿ ರೇಡಿಯೊ ಹಾಕಿ ಕೇಳಿ. ಇಡೀ ಊರು ಕತ್ತಲಾದಾಗ ಸ್ಟೇಷನ್ ತಿಳಿಯಾಗಿ ಬಂದರೆ, ನಿಮ್ಮ ಕಂಪ್ಯೂಟರ್ ಆರಿಸಿದ್ದಾಗಲೂ ಇರುತ್ತಿದ್ದ ಗದ್ದಲ ನೆರೆಮನೆಯದೋ ಲೈನಿನದೋ ಎಂದಾಯಿತು. ಕತ್ತಲಲ್ಲೂ ನಿಮ್ಮ ಮನೆಯಲ್ಲಷ್ಟೇ ಗುಂಯ್ ಎನ್ನುತ್ತಿದ್ದರೆ ಯುಪಿಎಸ್ ಅಥವಾ ಇನ್ವರ್ಟರ್ ಕಡೆ ಕಣ್ಣು ಹಾಯಿಸಿ. ಚೌಕ ತರಂಗದ ಅಗ್ಗದ ಇನ್ವರ್ಟರುಗಳಿಗೆ ಈ ಕೆಟ್ಟ ಹೆಸರು ಮೊದಲಿಂದಲೂ ಇದೆ.

ಕಿವಿಯೂ ಒಳ್ಳೆಯ ಸಾಕ್ಷಿ. ಪರದೆಯ ಚಿತ್ರ ಬದಲಾದಾಗ, ಮೌಸ್ ಓಡಾಡಿಸಿದಾಗ ಸದ್ದಿನ ಧಾಟಿ ಬದಲಾದರೆ ಅದು ಕಂಪ್ಯೂಟರ್ ಇಲ್ಲವೇ ಮಾನಿಟರಿನದೇ. ಸೆಕೆಂಡಿಗೊಮ್ಮೆ ಟಕ್, ಟಕ್ ಎನ್ನುತ್ತಿದ್ದರೆ ಹತ್ತಿರದ ಹೊಲದ ಸೋಲಾರ್ ಬೇಲಿ. ಮೋಟಾರ್ ಹಾಕಿದಾಗೊಮ್ಮೆ ಚಟಾರ್ ಎಂದು ಸುಮ್ಮನಾದರೆ ಪಂಪ್‌ಸೆಟ್ಟಿನ ಸ್ಟಾರ್ಟರ್. ಇವಕ್ಕೆ ಪಾಪದ ಕಂಪ್ಯೂಟರ್ ಹೊಣೆಯಲ್ಲ.

ಗದ್ದಲ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಲು ಬೇರೆ ಯಂತ್ರ ಬೇಕಿಲ್ಲ. ಆ ಸೆಲ್ ರೇಡಿಯೊ ಸಾಕು. ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ನಿಲ್ಲಿಸಿ, ರೇಡಿಯೊವನ್ನು ಕಂಪ್ಯೂಟರ್, ವೈರುಗಳ ಉದ್ದಕ್ಕೂ ನಿಧಾನಕ್ಕೆ ಆಡಿಸಿ. ಸದ್ದು ಎಲ್ಲಿ ಅಬ್ಬರಿಸುತ್ತದೋ ಅಲ್ಲಿ ಬಾಯಿ ಇದೆ. ಈ ತಂತ್ರಕ್ಕೆ ತಮಾಷೆಯ ಇತಿಹಾಸವೂ ಉಂಟು. 1975ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೀವ್ ಡಾಂಪಿಯರ್ ತನ್ನ ಆಲ್ಟೇರ್ 8800 ಕಂಪ್ಯೂಟರಿನ ಹತ್ತಿರವಿದ್ದ ರೇಡಿಯೊ ವಿಚಿತ್ರವಾಗಿ ಕಿರುಗುಟ್ಟುವುದನ್ನು ಗಮನಿಸಿದ. ಯಾವ ಪ್ರೋಗ್ರಾಂ ಓಡಿಸಿದರೆ ಯಾವ ಸ್ವರ ಬರುತ್ತದೆ ಎಂದು ಪತ್ತೆಮಾಡಿ, ಕೊನೆಗೆ ಗೆಳೆಯರ ಕೂಟದಲ್ಲಿ ಬೀಟಲ್ಸ್ ತಂಡದ ಒಂದು ಹಾಡನ್ನೇ ಆ ಅಡಚಣೆಯಿಂದ ನುಡಿಸಿ ತೋರಿಸಿದ. ನಮ್ಮ ಅಜ್ಜನಿಗೆ ಬೇಕಿರುವುದು ಮಾತ್ರ ವಾರ್ತೆ.

ಕಾಸಿಲ್ಲದ ಮದ್ದು

ದೂರ ಇಡಿ. ಮಧ್ಯಮ ತರಂಗದ ಅಡಚಣೆ ಕೆಲವು ಮೀಟರುಗಳಲ್ಲೇ ಬಹಳ ಬೇಗ ಇಳಿಯುತ್ತದೆ. ಕಂಪ್ಯೂಟರ್ ಮೇಜಿನ ಮೇಲಿದ್ದ ರೇಡಿಯೊ ಜಗಲಿಯ ಮೂಲೆಗೆ ಹೋದರೆ ಅರ್ಧ ಜಗಳ ಮುಗಿದಂತೆ. ಆದರೆ ಗೋಡೆಯೊಳಗಿನ ವೈರಿಂಗ್ ಗದ್ದಲವನ್ನು ಹೊತ್ತು ತರುತ್ತದೆ. ಹೊಸ ಜಾಗದ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇದ್ದರೆ ಪ್ರಯೋಜನ ಕಡಿಮೆ.

ತಿರುಗಿಸಿ. ಮಧ್ಯಮ ತರಂಗ ಹಿಡಿಯುವುದು ಉದ್ದದ ಏರಿಯಲ್ ಅಲ್ಲ, ರೇಡಿಯೊದೊಳಗೆ ಅಡ್ಡಲಾಗಿ ಮಲಗಿರುವ ಕಪ್ಪು ಫೆರೈಟ್ ಸರಳು. ಆ ಸರಳಿನ ತುದಿ ಯಾವ ಕಡೆಗಿದೆಯೋ ಆ ದಿಕ್ಕಿನಿಂದ ಬರುವುದು ಅದಕ್ಕೆ ಹೆಚ್ಚುಕಡಿಮೆ ಕೇಳಿಸದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳಿಗೆ ಬೆಂಗಳೂರು ಹೆಚ್ಚುಕಡಿಮೆ ಪೂರ್ವ-ಈಶಾನ್ಯಕ್ಕಿದೆ. ರೇಡಿಯೊದ ಮುಖವೋ ಬೆನ್ನೋ ಆ ಕಡೆಗಿರಲಿ. ಆಮೇಲೆ ಬಾಗಿಲು ತೆರೆದ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಗದ್ದಲ ಅಡಗುವ ಬಿಂದು ಹುಡುಕಿ. ಐದು ನಿಮಿಷದ ಈ ಕೆಲಸ ಎಷ್ಟೋ ಮನೆಗಳಲ್ಲಿ ಮಿಕ್ಕೆಲ್ಲ ಖರ್ಚನ್ನು ಉಳಿಸುತ್ತದೆ.

ಕಂಪ್ಯೂಟರಿನ ಹಿಂದೆ ಸೇವಿಗೆಯಂತೆ ಸುತ್ತಿಕೊಂಡ ವೈರುಗಳನ್ನೂ ಒಮ್ಮೆ ಬಿಡಿಸಿ. ನೇತಾಡುವ ಪ್ರತಿಯೊಂದು ವೈರೂ ಒಂದು ಏರಿಯಲ್. ಬಳಸದ ಯುಎಸ್‌ಬಿ ವೈರು, ಹಳೆಯ ಪ್ರಿಂಟರ್ ಕೇಬಲ್ ಕಿತ್ತುಹಾಕಿ, ಉಳಿದದ್ದನ್ನು ಒಟ್ಟಿಗೆ ಕಟ್ಟಿ.

ಡಬ್ಬಿ ಮುಚ್ಚಿ, ಅರ್ತ್ ನೋಡಿ

ಬೇಸಿಗೆಯಲ್ಲಿ ಬಿಸಿಯಾಗುತ್ತದೆಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಿಟ್ಟು ಕೆಲಸ ಮಾಡುವ ಅಭ್ಯಾಸ ಡಿಟಿಪಿ ಅಂಗಡಿಗಳಿಂದ ಮನೆಗಳಿಗೂ ಬಂದಿದೆ. ಆ ತಗಡು ಬರೀ ಧೂಳು ತಡೆಯಲು ಇರುವುದಲ್ಲ, ತರಂಗಗಳಿಗೆ ಹಾಕಿದ ಬೇಲಿ ಅದು. ಇದರ ಬೆಲೆ ಟ್ಯಾಂಡಿ ಕಂಪನಿಗೆ ಚೆನ್ನಾಗಿ ಗೊತ್ತಾಗಿತ್ತು. 1977ರಲ್ಲಿ ಬಂದ ಅದರ ಟಿಆರ್‌ಎಸ್-80 ಪ್ಲಾಸ್ಟಿಕ್ ಮೈಯ ಕಂಪ್ಯೂಟರ್. ಪಕ್ಕದ ರೇಡಿಯೊಗಳನ್ನು ಎಷ್ಟು ಕೆಡಿಸುತ್ತಿತ್ತೆಂದರೆ ಕೆಲವು ಆಟಗಳು ಅದೇ ಅಡಚಣೆಯನ್ನು ರೇಡಿಯೊದಲ್ಲಿ ಹಿಡಿದು ಸದ್ದಿಗೆ ಬಳಸಿಕೊಂಡವು. ಅಮೆರಿಕದ ಸಂಪರ್ಕ ಆಯೋಗ ಮನೆ ಕಂಪ್ಯೂಟರುಗಳಿಗೆ ಅಡಚಣೆಯ ಮಿತಿ ಹಾಕಿದಾಗ ಆ ಮಾದರಿ ತೇರ್ಗಡೆಯಾಗದೆ 1981ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಆದ್ದರಿಂದ ತಗಡನ್ನು ಮುಚ್ಚಿ, ಎಲ್ಲ ಸ್ಕ್ರೂ ಬಿಗಿಮಾಡಿ. ಹಿಂಬದಿಯ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಕೂರಿಸಿ. ಬಿಸಿಯ ಚಿಂತೆಯಿದ್ದರೆ ಒಳಗಿನ ಧೂಳು ಕೊಡವಿ, ಫ್ಯಾನ್ ಬದಲಿಸಿ.

ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಟೆಸ್ಟರ್ ಇಟ್ಟರೆ ದೀಪ ಹೊತ್ತುತ್ತದೆಯೇ? ಬಹುಮಟ್ಟಿಗೆ ಅರ್ತ್ ಇಲ್ಲವೆಂದೇ ತಿಳಿಯಿರಿ. ಎಸ್‌ಎಂಪಿಎಸ್‌ನ ಒಳಗಿರುವ ಸೋಸುಕ ಗದ್ದಲವನ್ನು ಎರಡು ಸಣ್ಣ ಕೆಪಾಸಿಟರುಗಳ ಮೂಲಕ ಅರ್ತ್ ತಂತಿಗೆ ಸುರಿಯುತ್ತದೆ. ಅರ್ತ್ ಇಲ್ಲದಿದ್ದರೆ ಅದು ಹೋಗಲು ದಾರಿಯಿಲ್ಲದೆ ಇಡೀ ಕ್ಯಾಬಿನೆಟ್ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಲ್ಲಿ ತೇಲುತ್ತಾ ತಾನೇ ಏರಿಯಲ್ ಆಗುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ತೂರಿಸುವ ಹಳೆಯ ತೊಟ್ಟಿಮನೆಗಳಲ್ಲಿ ಇದೇ ಕಥೆ.

ಎಲೆಕ್ಟ್ರಿಷಿಯನ್ ಕರೆಸಿ ಸರಿಯಾದ ಅರ್ತ್ ಗುಂಡಿ ಮಾಡಿಸಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೆಲ ತೇವವಾಗಿರುವುದರಿಂದ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಯನ್ನೇ ನಂಬಿದ ನಾಗಮಂಗಲದ ಒಣ ನೆಲದಲ್ಲಿ ಬೇಸಿಗೆ ಬಂತೆಂದರೆ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಅರ್ತ್ ತಂತಿಯನ್ನು ನಲ್ಲಿಯ ಕೊಳವೆಗೋ ನ್ಯೂಟ್ರಲಿಗೋ ಕಟ್ಟುವ ಜಾಣತನ ಮಾತ್ರ ಬೇಡ. ರೇಡಿಯೊ ಉಳಿಸಲು ಹೋಗಿ ಜೀವ ಕಳೆದುಕೊಂಡಂತಾಗುತ್ತದೆ.

ಕಪ್ಪು ಉಂಡೆಯ ಮಹಿಮೆ

ಮಾನಿಟರ್ ಕೇಬಲ್ಲಿನ ತುದಿಯಲ್ಲಿ ಹಾವು ಇಲಿ ನುಂಗಿದ ಹಾಗೆ ಉಬ್ಬಿದ ಉಂಡೆ ಕಂಡಿರಬಹುದು. ಅದರೊಳಗಿರುವುದು ಫೆರೈಟ್. ವೈರಿನ ಹೊರಮೈಯಲ್ಲಿ ಓಡುವ ಗದ್ದಲಕ್ಕೆ ಅದು ತಡೆಯೊಡ್ಡುತ್ತದೆ, ಕೆಲಸದ ಕರೆಂಟನ್ನು ಬಿಟ್ಟುಕೊಡುತ್ತದೆ. ಎರಡು ಹೋಳಾಗಿ ತೆರೆದು ವೈರಿನ ಮೇಲೆ ಕಚ್ಚಿಸುವ ಫೆರೈಟುಗಳು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಗದ್ದಲ ಸೋರುವ ತುದಿಗೆ ಆದಷ್ಟು ಹತ್ತಿರದಲ್ಲಿ ಹಾಕಬೇಕು.

ಎಫ್‌ಎಂ ತೊಂದರೆಗೆ ಇಂಥ ಒಂದೆರಡು ಉಂಡೆ ಸಾಕಾಗಬಹುದು. 612ಕ್ಕೆ ಸಾಲದು. ಅಷ್ಟು ಕೆಳಗಿನ ಆವರ್ತನಕ್ಕೆ ದೊಡ್ಡ ಫೆರೈಟ್ ಬಳೆ ತಂದು ವೈರನ್ನು ಅದರೊಳಗೆ ಎಂಟು, ಹತ್ತು ಸುತ್ತು ಸುತ್ತಬೇಕು. ಸುತ್ತು ಮೂರು ಪಟ್ಟಾದರೆ ತಡೆ ಸುಮಾರು ಒಂಬತ್ತು ಪಟ್ಟಾಗುತ್ತದೆ, ಹಾಗಾಗಿ ಹತ್ತು ಉಂಡೆ ಕೊಳ್ಳುವುದಕ್ಕಿಂತ ಒಂದು ಬಳೆಗೆ ಹತ್ತು ಸುತ್ತು ಲಾಭ. ಗುಜರಿಯಲ್ಲಿ ಸಿಗುವ ಹಳದಿ-ಬಿಳಿ ಬಣ್ಣದ ಬಳೆಗಳು ಕಬ್ಬಿಣದ ಪುಡಿಯವು. ಅವು ಈ ಕೆಲಸಕ್ಕೆ ಬಾರವು.

ಇಷ್ಟಕ್ಕೂ ಜಗ್ಗದಿದ್ದರೆ ಎಸ್‌ಎಂಪಿಎಸ್ ಬದಲಿಸುವುದೇ ದಾರಿ. ತೀರಾ ಅಗ್ಗದವುಗಳಲ್ಲಿ ಸೋಸುಕದ ಸುರುಳಿ ಇರಬೇಕಾದ ಜಾಗಕ್ಕೆ ಬರೀ ತಂತಿ ಬೆಸೆದಿರುತ್ತಾರೆ. ಕೈಯಲ್ಲಿ ಹಿಡಿದರೆ ಹಗುರವಾಗಿರುವುದನ್ನು ನಂಬಬೇಡಿ. ಬಿಐಎಸ್ ಗುರುತು ಇರಲೇಬೇಕು, ಆದರೆ ಅಡಾಪ್ಟರುಗಳ ಮೇಲಿನ ಆ ಗುರುತು ಮುಖ್ಯವಾಗಿ ವಿದ್ಯುತ್ ಸುರಕ್ಷತೆಯದು. ರೇಡಿಯೊ ಮೌನದ ಭರವಸೆ ಅದರಲ್ಲಿಲ್ಲ. ಅಂಗಡಿಯವರು ಒಪ್ಪಿದರೆ ಸೆಲ್ ರೇಡಿಯೊ ಜೇಬಿನಲ್ಲಿಟ್ಟುಕೊಂಡು ಹೋಗಿ ಅಲ್ಲೇ ಹಾಕಿ ನೋಡಿ. ನಕ್ಕರೆ ನಗಲಿ. ಹಳೆಯ ಎಸ್‌ಎಂಪಿಎಸ್ ಬಿಚ್ಚುವ ಕುತೂಹಲ ಬೇಡ: ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿದಿರುತ್ತದೆ.

ಎಫ್‌ಎಂ ಕೇಳುಗರಿಗೆ ಇನ್ನೊಂದು ಉಪಾಯ ಹೊರಗಿನ ಏರಿಯಲ್. ಹೆಂಚಿನ ಮೇಲೋ ತಾರಸಿಯ ಮೇಲೋ ಎಫ್‌ಎಂ ಏರಿಯಲ್ ನಿಲ್ಲಿಸಿ ಕೇಬಲ್ ಟಿವಿಗೆ ಬಳಸುವಂಥ ಕೋಆಕ್ಸಿಯಲ್ ತಂತಿಯಲ್ಲಿ ಇಳಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಸ್ಟೇಷನ್ ಗಟ್ಟಿಯಾಗುತ್ತದೆ, ಏರಿಯಲ್ ಗದ್ದಲದಿಂದ ದೂರವಾಗುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರಿಗೆ ಬೇರೆಲ್ಲಕ್ಕಿಂತ ಇದೇ ಹೆಚ್ಚು ಫಲ ಕೊಡುವ ಖರ್ಚು. ವಿದ್ಯುತ್ ತಂತಿಯ ಹತ್ತಿರ ಮಾತ್ರ ನಿಲ್ಲಿಸಬೇಡಿ, ಗುಡುಗು ಮಿಂಚಿನ ಹೊತ್ತಿಗೆ ತಂತಿ ಕಿತ್ತಿಡಿ.

ಕೊನೆಗೆ, ಮನೆಯ ಮೈನ್ ಸ್ವಿಚ್ ಆರಿಸಿದರೂ ಗದ್ದಲ ಹೋಗದಿದ್ದರೆ, ಅದು ಕಂಬದ ಹತ್ತಿರ ಹೋದಷ್ಟೂ ಕರಕರ ಎಂದು ಹೆಚ್ಚುತ್ತಿದ್ದರೆ ಬಿರುಕುಬಿಟ್ಟ ಪಿಂಗಾಣಿಯೋ ಸಡಿಲವಾದ ಜೋಡಣೆಯೋ ಇರಬಹುದು. ಅದು ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನವರ ಕೆಲಸ. ದೂರು ಕೊಡುವ ಸಂಖ್ಯೆ 1912. ಯಾವ ಕಂಬ, ಯಾವ ಹೊತ್ತಿನಲ್ಲಿ ಸದ್ದು ಎಂದು ಬರೆದಿಟ್ಟುಕೊಂಡು ಹೇಳಿ. ಕಂಬವನ್ನು ಒದ್ದು ನೋಡಲು, ಕೋಲಿನಿಂದ ತಂತಿ ಅಲ್ಲಾಡಿಸಲು ದಯವಿಟ್ಟು ಹೋಗಬೇಡಿ.