ಹರಾಜಿಗೆ ಇಬ್ಬರು ಬಂದರೆ ಸಾಕು

ಹಳೆಯ ನಾಣ್ಯ, ಅಂಚೆಚೀಟಿ, ಪೋಸ್ಟ್‌ಕಾರ್ಡ್‌ಗಳನ್ನು ಸಣ್ಣ ಆನ್‌ಲೈನ್ ಹರಾಜು ತಾಣಗಳಲ್ಲಿ ಮಾರುವ ಬಗೆ

ಹಳೆಯ ಕಾಗದಪತ್ರವನ್ನು ಗುಜರಿಗೆ ಹಾಕಿದರೆ ಕೆಜಿ ಲೆಕ್ಕ. ಬೆಳ್ಳಿ ರೂಪಾಯಿಯನ್ನು ಆಭರಣದ ಅಂಗಡಿಗೆ ಕೊಟ್ಟರೆ ಗ್ರಾಂ ಲೆಕ್ಕ. ಅದೇ ವಸ್ತು ಸಂಗ್ರಾಹಕನ ಕಣ್ಣಿಗೆ ಬಿದ್ದಾಗ ಮಾತ್ರ ಅದಕ್ಕೆ ಅದರದ್ದೇ ಬೆಲೆ ಬರುತ್ತದೆ. ಟ್ರಂಕು, ಅಟ್ಟ, ಹಳೆಯ ಆಲ್ಬಮ್‌ಗಳಲ್ಲಿ ಮಲಗಿರುವ ಸಾಮಾನನ್ನು ಆ ಕಣ್ಣಿನವರೆಗೆ ತಲುಪಿಸುವ ಕೆಲಸವನ್ನು ಈಗ ಸಣ್ಣ ಹರಾಜು ತಾಣಗಳು ಮಾಡುತ್ತಿವೆ.

ಒಂದು ಕಾಲಕ್ಕೆ ನಮ್ಮಲ್ಲಿ ಇದಕ್ಕೆ ದೊಡ್ಡ ಜಾಗವೇ ಇತ್ತು. 2000ದಲ್ಲಿ ಶುರುವಾದ ಬಾಜೀ ಡಾಟ್ ಕಾಮ್ ಅನ್ನು 2004ರಲ್ಲಿ ಇಬೇ ಕೊಂಡುಕೊಂಡಿತು. ಆ ಇಬೇ ಇಂಡಿಯಾ ತಾಣ 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಈಗ ಹವ್ಯಾಸದ ವಸ್ತುಗಳನ್ನು ಹರಾಜು ಹಾಕುವವರಿಗೆ ಉಳಿದಿರುವುದು ಆಯಾ ವಸ್ತುವಿಗೇ ಮೀಸಲಾದ ಚಿಕ್ಕ ತಾಣಗಳು. ಅಲ್ಲಿ ಜನಜಂಗುಳಿ ಇಲ್ಲ. ಆದರೆ ಹರಾಜಿಗೆ ಜಂಗುಳಿ ಬೇಕಾಗಿಯೂ ಇಲ್ಲ. ಬೆಲೆ ಏರಿಸಲು ನಿಜವಾಗಿ ಬೇಕೆನ್ನುವ ಇಬ್ಬರು ಸಾಕು. ಆ ಇಬ್ಬರನ್ನು ಹುಡುಕಿ, ನಂಬಿಸಿ, ಒಂದೇ ಹೊತ್ತಿಗೆ ಕೂಡಿಸುವುದು ಮಾರುವವರ ಕೆಲಸ. ಕೆಳಗಿನ ಎಲ್ಲ ಹಂತಗಳೂ ಅದಕ್ಕಾಗಿಯೇ.

ಹಂತ 1: ಏನಿದೆ ಎಂದು ವಿಂಗಡಿಸಿ

ಮೊದಲು ಎಲ್ಲವನ್ನೂ ಹರಡಿಕೊಂಡು ಪಟ್ಟಿ ಮಾಡಿ. ನಾಣ್ಯವಾದರೆ ಇಸವಿ, ಮುಖಬೆಲೆ ಮತ್ತು ಟಂಕಸಾಲೆಯ ಗುರುತು ಬರೆದುಕೊಳ್ಳಿ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೊಯ್ಡಾ, ವಜ್ರಾಕಾರವಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ನಾಣ್ಯ ಒಂದು ಟಂಕಸಾಲೆಯದ್ದಾದರೆ ಸಾಮಾನ್ಯ, ಇನ್ನೊಂದರದ್ದಾದರೆ ಅಪರೂಪ ಎನ್ನುವುದು ಇಲ್ಲಿ ಮಾಮೂಲು.

ಬ್ರಿಟಿಷ್ ಕಾಲದ ರೂಪಾಯಿಯೆಲ್ಲ ಒಂದೇ ಬೆಳ್ಳಿಯಲ್ಲ. 1939ರವರೆಗಿನದು 11.66 ಗ್ರಾಂ ತೂಕದ, ಶೇ 91.7 ಬೆಳ್ಳಿಯ ನಾಣ್ಯ. 1940ರಿಂದ 1945ರವರೆಗಿನದರಲ್ಲಿ ಬೆಳ್ಳಿ ಅರ್ಧಕ್ಕರ್ಧ. ಹುಲಿಯ ಚಿತ್ರವಿರುವ 1947ರ ರೂಪಾಯಿ ಬರೀ ನಿಕ್ಕಲ್. ಲೋಹದ ಬೆಲೆ ಗೊತ್ತಿದ್ದರೆ ಯಾವ ಬೆಲೆಗಿಂತ ಕೆಳಗೆ ಇಳಿಯಬಾರದು ಎಂಬುದೂ ತಿಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ನಾಣ್ಯವನ್ನು ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಬೇಡಿ. ಥಳಥಳ ಹೊಳೆಯುವ ಹಳೆಯ ನಾಣ್ಯವನ್ನು ಕಂಡರೆ ಸಂಗ್ರಾಹಕರು ದೂರ ಸರಿಯುತ್ತಾರೆ, ಬೆಲೆ ಅಲ್ಲಿಗೇ ಬೀಳುತ್ತದೆ. ಹಾಗೆಯೇ ಹಳೆಯ ಲಕೋಟೆಯಿಂದ ಅಂಚೆಚೀಟಿಯನ್ನು ಕತ್ತರಿಸಬೇಡಿ. ಎಷ್ಟೋ ಸಲ ಚೀಟಿಗಿಂತ ಅದರ ಮೇಲೆ ಬಿದ್ದ ಊರಿನ ಮುದ್ರೆಗೇ ಗಿರಾಕಿ ಹೆಚ್ಚು. ಕೋಲಾರ ಚಿನ್ನದ ಗಣಿಯ ಊರಿಗಾಂ, ಚಾಂಪಿಯನ್ ರೀಫ್ಸ್‌ನಂಥ ಅಂಚೆ ಕಚೇರಿಗಳ ಮುದ್ರೆ ಇಡಿಯ ಲಕೋಟೆಯ ಮೇಲಿದ್ದರೆ ಅದೊಂದು ದಾಖಲೆ. ಕತ್ತರಿಸಿದರೆ ಬರೀ ಚೂರು.

ಹಂತ 2: ಮಾರಬಾರದ್ದನ್ನು ಬದಿಗಿಡಿ

- ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಚಿತ್ರ, ಕುಶಲವಸ್ತುಗಳು ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಇವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ದೇಶದೊಳಗೂ ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು. ಪ್ರಾಚ್ಯವಸ್ತು ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ಕೇಳಿ.
- ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಿಧಿ ನಿಮ್ಮದಲ್ಲ. ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು.
- ಆನೆದಂತ, ಜಿಂಕೆ ಕೊಂಬು, ಹುಲಿಯುಗುರು ಇರುವ ಯಾವ ವಸ್ತುವನ್ನೂ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಠಿಣವಾಗಿದೆ.
- 2016ರಲ್ಲಿ ರದ್ದಾದ 500, 1000 ರೂಪಾಯಿ ನೋಟುಗಳನ್ನು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ಅಪರಾಧ. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ 25ರವರೆಗೆ ಅವಕಾಶವಿದೆ.

ಹಂತ 3: ವಸ್ತುವಿಗೆ ತಕ್ಕ ತಾಣ ಆರಿಸಿ

ಬೆಲ್ಜಿಯಂನ ಡೆಲ್‌ಕ್ಯಾಂಪ್ 2000ದಿಂದ ನಡೆಯುತ್ತಿರುವ ತಾಣ. ಚಿತ್ರ ಪೋಸ್ಟ್‌ಕಾರ್ಡ್, ಅಂಚೆಚೀಟಿ, ಹಳೆಯ ಕಾಗದಗಳಿಗೆ ಹೆಸರುವಾಸಿ. ಬೆಂಗಳೂರು, ಮೈಸೂರಿನ ಹಳೆಯ ಚಿತ್ರಕಾರ್ಡುಗಳನ್ನು ಯುರೋಪಿನಲ್ಲಿ ಕೂತು ಸಂಗ್ರಹಿಸುವವರು ಸಿಗುವುದು ಇಂಥ ಕಡೆಯೇ. ಅಮೆರಿಕದ ಹಿಪ್‌ಸ್ಟ್ಯಾಂಪ್ ಅಂಚೆಚೀಟಿಗೇ ಮೀಸಲು. ನಮ್ಮ ದೇಶದಲ್ಲಿ ನಾಣ್ಯ, ನೋಟು, ಚೀಟಿಗಳಿಗೆ ಬಿಡ್‌ಕ್ಯೂರಿಯೋಸ್‌ನಂಥ ತಾಣಗಳಿವೆ. ನಿಮ್ಮಲ್ಲಿ ನಿಜಕ್ಕೂ ದುಬಾರಿ ವಸ್ತುವಿದ್ದರೆ ನೀವೇ ಮಾರುವ ಬದಲು ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥ ಹರಾಜು ಸಂಸ್ಥೆಗೆ ತೋರಿಸುವುದು ಮೇಲು.

ಸೇರುವ ಮುನ್ನ ನಾಲ್ಕು ವಿಷಯ ನೋಡಿ: ಭಾರತದ ಮಾರಾಟಗಾರರಿಗೆ ಅವಕಾಶವಿದೆಯೇ, ಪಟ್ಟಿ ಮಾಡಲು ಶುಲ್ಕವೋ ಮಾರಾಟವಾದ ಮೇಲೆ ಕಮಿಷನ್ನೋ, ಹಣ ತಾಣದ ಮೂಲಕ ಬರುತ್ತದೋ ನೇರವಾಗಿಯೋ, ತಕರಾರು ಬಂದರೆ ಯಾರು ತೀರ್ಮಾನಿಸುತ್ತಾರೆ. ಆಮೇಲೆ ನಿಮ್ಮಲ್ಲಿರುವಂಥದ್ದೇ ವಸ್ತುವಿನ ಮುಗಿದ ಹರಾಜುಗಳನ್ನು ತೆರೆದು ನೋಡಿ. ಎಲ್ಲ ಕಡೆ ಒಂದೇ ಬಿಡ್ ಇದ್ದರೆ ಅಲ್ಲಿ ನಿಮ್ಮ ಇಬ್ಬರು ಇಲ್ಲ. ಮುಂದಿನ ತಾಣಕ್ಕೆ ಹೋಗಿ.

ಹಂತ 4: ಬೆಲೆಯನ್ನು ಮಾರಾಟವಾದದ್ದರಿಂದ ತಿಳಿಯಿರಿ

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ, ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಲಕ್ಷ ಎಂದು ಯಾರೋ ಹೇಳಿಕೊಂಡ ಬೆಲೆ ಬೆಲೆಯಲ್ಲ. ಯಾರಾದರೂ ಕೊಟ್ಟ ಬೆಲೆ ಮಾತ್ರ ಬೆಲೆ. ಹಾಗಾಗಿ ತಾಣದಲ್ಲಿ ‘ಮಾರಾಟವಾದವು’ ವಿಭಾಗವನ್ನಷ್ಟೇ ನೋಡಿ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿಯ ಐದಾರು ಫಲಿತಾಂಶ ಬರೆದುಕೊಂಡು, ಅತಿ ಹೆಚ್ಚು ಮತ್ತು ಅತಿ ಕಡಿಮೆಯದನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ.

ಸ್ಥಿತಿಗೆ ಸಂಗ್ರಾಹಕರದ್ದೇ ಭಾಷೆಯಿದೆ. ಚಲಾವಣೆಗೇ ಬಾರದ ನಾಣ್ಯ ಯುಎನ್‌ಸಿ, ಸ್ವಲ್ಪವೇ ಸವೆದದ್ದು ಎಕ್ಸ್‌ಎಫ್, ಮತ್ತೂ ಸವೆದದ್ದು ವಿಎಫ್. ಬಳಸದ, ಹಿಂಬದಿಯ ಗೋಂದು ಹಾಗೇ ಇರುವ ಚೀಟಿ ಮಿಂಟ್, ಮುದ್ರೆ ಬಿದ್ದದ್ದು ಯೂಸ್ಡ್. ಅನುಮಾನವಿದ್ದರೆ ಒಂದು ದರ್ಜೆ ಕಡಿಮೆಯೇ ಹೇಳಿ. ಗುರುತಿಸಲು ಕಷ್ಟವಾದರೆ ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಂಥ ಸಂಘಗಳ ಹಿರಿಯ ಸದಸ್ಯರಿಗೆ ತೋರಿಸಿ. 1948ರ ಗಾಂಧೀಜಿ ಚಿತ್ರದ 10 ರೂಪಾಯಿ ಚೀಟಿಯಂಥವಕ್ಕೆ ನಕಲಿಗಳು ಬೇಕಾದಷ್ಟಿವೆ. ನೋಡಿ ಪಳಗಿದ ಕಣ್ಣು ಬೇಕು.

ಹಂತ 5: ಚಿತ್ರ ಮತ್ತು ವಿವರಣೆ

ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಬಿಳಿ ಅಥವಾ ಬೂದು ಕಾಗದದ ಮೇಲೆ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ, ಬಣ್ಣ ತಿದ್ದುವ ಫಿಲ್ಟರ್ ಬೇಡ. ಮುಂದೆ, ಹಿಂದೆ ಎರಡೂ ಬೇಕು. ಕಾರ್ಡು, ಚೀಟಿಗಳಿಗೆ ಸ್ಕ್ಯಾನರ್ ಒಳ್ಳೆಯದು. ಗೀರು, ಮಡಿಕೆ, ಹುಳು ತಿಂದ ತೂತು ಇದ್ದರೆ ಅದರದ್ದೇ ಹತ್ತಿರದ ಚಿತ್ರ ಹಾಕಿ. ದೋಷವನ್ನು ತಾವೇ ತೋರಿಸುವ ಮಾರಾಟಗಾರರ ಬಳಿ ಜನ ಧೈರ್ಯವಾಗಿ ಬಿಡ್ ಮಾಡುತ್ತಾರೆ.

ಶೀರ್ಷಿಕೆಯಲ್ಲಿ ‘ಅತ್ಯಪರೂಪ’, ‘ಅದ್ಭುತ’ ಬೇಡ. ಹುಡುಕುವವರು ಆ ಪದ ಹಾಕಿ ಹುಡುಕುವುದಿಲ್ಲ. ದೇಶ, ಇಸವಿ, ಮುಖಬೆಲೆ, ಟಂಕಸಾಲೆ, ಸ್ಥಿತಿ ಇಷ್ಟನ್ನು ಇದೇ ಕ್ರಮದಲ್ಲಿ ಬರೆಯಿರಿ. ಪೋಸ್ಟ್‌ಕಾರ್ಡಾದರೆ ಊರು, ಬೀದಿ ಅಥವಾ ಕಟ್ಟಡ, ಪ್ರಕಾಶಕರ ಹೆಸರು, ಮುದ್ರೆಯ ದಿನಾಂಕ ಸೇರಿಸಿ. ಹಳೆಯ ಹೆಸರು, ಹೊಸ ಹೆಸರು ಎರಡೂ ಇರಲಿ: ವಿದೇಶದವರು ಹುಡುಕುವುದು ಬ್ಯಾಂಗಲೋರ್ ಎಂದೇ.

ಹಂತ 6: ಆರಂಭದ ಬೆಲೆ, ಮುಗಿಯುವ ಹೊತ್ತು

ಬಹುತೇಕ ತಾಣಗಳಲ್ಲಿ ಬಿಡ್‌ದಾರ ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸುತ್ತಾನೆ. ಯಂತ್ರ ಬೇಕಾದಷ್ಟೇ ಏರಿಸುತ್ತದೆ. ಒಬ್ಬ 900, ಇನ್ನೊಬ್ಬ 600 ರೂಪಾಯಿ ಎಂದು ಬರೆದಿದ್ದು, ಏರಿಕೆಯ ಹಂತ 20 ಆಗಿದ್ದರೆ ವಸ್ತು 620ಕ್ಕೆ ಹೋಗುತ್ತದೆ. ಎರಡನೆಯವನು ಇಲ್ಲದಿದ್ದರೆ ನಿಮ್ಮ ಆರಂಭದ ಬೆಲೆಗೇ ಮುಗಿಯುತ್ತದೆ. ಅಂದರೆ ನಿಮ್ಮ ಆದಾಯ ನಿರ್ಧರಿಸುವವನು ಗೆದ್ದವನಲ್ಲ, ಸೋತವನು.

ಜನಸಂಚಾರ ಕಡಿಮೆ ಇರುವ ತಾಣದಲ್ಲಿ ‘ಒಂದು ರೂಪಾಯಿಯಿಂದ ಆರಂಭ’ ಎಂಬ ಆಟ ಅಪಾಯಕಾರಿ. ಕೊಂಡ ಬೆಲೆ, ಪ್ಯಾಕಿಂಗ್, ಕಮಿಷನ್ ಕೂಡಿಸಿ, ನಷ್ಟವಾಗದ ಅಂಕಿಯಿಂದ ಶುರುಮಾಡಿ. ಉದಾಹರಣೆಗೆ 150 ರೂಪಾಯಿಗೆ ಕೊಂಡ ಕಾರ್ಡಿಗೆ 20 ರೂಪಾಯಿ ಪ್ಯಾಕಿಂಗ್, ಕಮಿಷನ್ ಶೇ 10 ಎಂದಿಟ್ಟುಕೊಳ್ಳಿ. 190ಕ್ಕೆ ಮಾರಿದರೆ 19 ರೂಪಾಯಿ ಕಮಿಷನ್ ಕಳೆದು 171 ಉಳಿಯುತ್ತದೆ, ಅಸಲು ಬಂತು ಅಷ್ಟೇ. ಆದ್ದರಿಂದ ಆರಂಭ 200ಕ್ಕಿಂತ ಕೆಳಗೆ ಬೇಡ. ಅಂಚೆ ವೆಚ್ಚವನ್ನು ಕೊಳ್ಳುವವರ ಲೆಕ್ಕಕ್ಕೆ ಬೇರೆಯಾಗಿ ತೋರಿಸಿ.

ದೇಶದೊಳಗಿನ ಹರಾಜು ಭಾನುವಾರ ರಾತ್ರಿ 8ರಿಂದ 10ರೊಳಗೆ ಮುಗಿಯಲಿ. ಯುರೋಪಿನ ಗಿರಾಕಿಗಾದರೆ ಬೆಲ್ಜಿಯಂನ ರಾತ್ರಿ 8 ಗಂಟೆ ನಮಗೆ ಬೇಸಿಗೆಯಲ್ಲಿ 11.30, ಚಳಿಗಾಲದಲ್ಲಿ 12.30. ಭಾವಮೈದುನನ ಖಾತೆಯಿಂದ ಬಿಡ್ ಹಾಕಿಸಿ ಬೆಲೆ ಏರಿಸುವ ಚಾಲಾಕಿತನ ಬೇಡ. ಸಣ್ಣ ತಾಣದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಮ್ಮೆ ಹೆಸರು ಕೆಟ್ಟರೆ ಮುಗಿಯಿತು.

ಹಂತ 7: ಹಣ ಮೊದಲು, ಅಂಚೆ ಆಮೇಲೆ

ದೇಶದೊಳಗೆ ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆ ಸಾಕು. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶೀಯ ಪಾವತಿ ನಿಲ್ಲಿಸಿದೆ. ವಿದೇಶದಿಂದ ಹಣ ತರಿಸಲು ಮಾತ್ರ ಉಪಯೋಗ. ಹಣ ನಿಮ್ಮ ಖಾತೆಗೆ ಬಂದದ್ದನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೋಡಿಯೇ ವಸ್ತು ಕಳಿಸಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ಪುರಾವೆಯಲ್ಲ.

ಚೀಟಿ, ಕಾರ್ಡುಗಳನ್ನು ಪಾರದರ್ಶಕ ಕವರಿನಲ್ಲಿಟ್ಟು ಎರಡು ಗಟ್ಟಿ ರಟ್ಟಿನ ನಡುವೆ ಸೇರಿಸಿ. ಟೇಪು ವಸ್ತುವಿಗೆ ತಾಗಬಾರದು. ನಾಣ್ಯಕ್ಕೆ ಮೃದುವಾದ ಪಿವಿಸಿ ಕವರ್ ಬೇಡ, ದಿನ ಕಳೆದಂತೆ ಹಸಿರು ಜಿಡ್ಡು ಹಿಡಿಸುತ್ತದೆ. ಕಾರ್ಡ್‌ಬೋರ್ಡ್ ಹೋಲ್ಡರ್ ವಾಸಿ. ರಿಜಿಸ್ಟರ್ಡ್ ಪೋಸ್ಟ್ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಹಳೆಯ ಲೆಕ್ಕದಲ್ಲಿ ಅಂಚೆ ವೆಚ್ಚ ಹೇಳಬೇಡಿ. ನಾಣ್ಯ, ನೋಟು, ಬೆಳ್ಳಿ ಇದ್ದರೆ ವಿಮೆ ಮಾಡಿಸಿಯೇ ಕಳಿಸಿ. ವಿದೇಶಕ್ಕೆ ಸಾಧಾರಣ ಲಕೋಟೆಯಲ್ಲಿ ನಾಣ್ಯ, ನೋಟು ಕಳಿಸಲು ಅಂಚೆ ನಿಯಮ ಬಿಡುವುದಿಲ್ಲ; ಹೊಸಬರು ನಾಣ್ಯವನ್ನು ದೇಶದೊಳಗೇ ಮಾರಿ, ಹೊರಗೆ ಕಾರ್ಡು, ಚೀಟಿ, ಬೆಂಕಿಪೊಟ್ಟಣದ ಲೇಬಲ್ ಮಾರಿದರೆ ತಲೆನೋವು ಕಡಿಮೆ. ರಫ್ತಿನ ಕಾಗದಪತ್ರಕ್ಕೆ ಅಂಚೆ ಇಲಾಖೆಯ ಡಾಕ್‌ಘರ್ ನಿರ್ಯಾತ್ ಕೇಂದ್ರಗಳಲ್ಲಿ ವಿಚಾರಿಸಿ.

ಹಂತ 8: ಲೆಕ್ಕದ ಪುಸ್ತಕ

ಮನೆಯ ಹಳೆಯ ಸಾಮಾನನ್ನು ಅಪರೂಪಕ್ಕೊಮ್ಮೆ ಮಾರುವುದು ಬೇರೆ, ಮಾರಲೆಂದೇ ಕೊಳ್ಳುವುದು ಬೇರೆ. ಎರಡನೆಯದು ವ್ಯಾಪಾರ, ಅದರ ಲಾಭಕ್ಕೆ ಆದಾಯ ತೆರಿಗೆಯಿದೆ. ತಾಣವೇ ಹಣ ವಸೂಲಿ ಮಾಡಿ ಕೊಡುವಂತಿದ್ದು ನೀವು ಬೇರೆ ರಾಜ್ಯಕ್ಕೂ ಮಾರುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕ ರಿಯಾಯಿತಿ ರಾಜ್ಯದೊಳಗಿನ ಮಾರಾಟಕ್ಕಷ್ಟೇ. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ 2025ರಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಲಿ. ಕೊಂಡ ದಿನ, ಬೆಲೆ, ಮಾರಿದ ಬೆಲೆ, ಕಮಿಷನ್, ಅಂಚೆ ರಸೀದಿ ಎಲ್ಲವನ್ನೂ ಬರೆದಿಟ್ಟರೆ ಲೆಕ್ಕಪರಿಶೋಧಕರ ಮುಂದೆ ಕೂತಾಗ ಅರ್ಧ ಕೆಲಸ ಮುಗಿದಿರುತ್ತದೆ.

ವಂಚನೆಯ ಚಹರೆ

ನಿಮ್ಮ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕವೋ ತೆರಿಗೆಯೋ ಕಟ್ಟಿ ಎಂದರೆ ಅದು ಮೋಸ. ಹಳೆಯ ನೋಟು, ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎಂದರೆ ಫೋನ್ ಇಡಿ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೊದಲ ತಿಂಗಳು ಹೀಗಿರಲಿ

ಮೊದಲ ವಾರ ಮಾರಲೇಬೇಡಿ. ಒಂದೆರಡು ಅಗ್ಗದ ವಸ್ತು ಕೊಂಡು, ಅನುಭವಿ ಮಾರಾಟಗಾರರು ಹೇಗೆ ಬರೆಯುತ್ತಾರೆ, ಹೇಗೆ ಪ್ಯಾಕ್ ಮಾಡುತ್ತಾರೆ ನೋಡಿ. ಕೊಂಡವರಾಗಿ ನಿಮಗೂ ನಾಲ್ಕು ಒಳ್ಳೆಯ ಮಾತು ಜಮೆಯಾಗುತ್ತದೆ. ಎರಡನೆಯ ವಾರ ಹತ್ತು ಸಾಧಾರಣ ವಸ್ತುಗಳನ್ನು ಪಟ್ಟಿ ಮಾಡಿ. ಅತ್ಯುತ್ತಮವಾದದ್ದನ್ನು ಹೊರತೆಗೆಯಬೇಡಿ, ಹೊಸ ಖಾತೆಯನ್ನು ನಂಬಿ ಯಾರೂ ದೊಡ್ಡ ಬಿಡ್ ಮಾಡುವುದಿಲ್ಲ. ಒಂದೇ ಬಗೆಯವನ್ನು ಒಂದೇ ರಾತ್ರಿ, ಕೆಲವು ನಿಮಿಷಗಳ ಅಂತರದಲ್ಲಿ ಮುಗಿಯುವಂತೆ ಹಾಕಿದರೆ ಒಂದಕ್ಕೆ ಸೋತವನು ಮುಂದಿನದಕ್ಕೆ ಬರುತ್ತಾನೆ.

ಬಿಡ್ ಬಾರದ ವಸ್ತುವನ್ನು ಶೀರ್ಷಿಕೆ, ಚಿತ್ರ ಬದಲಿಸಿ ಇನ್ನೊಮ್ಮೆ ಹಾಕಿ. ಆಗಲೂ ಬಾರದಿದ್ದರೆ ಅಂಥ ನಾಲ್ಕೈದನ್ನು ಒಂದು ಕಟ್ಟಾಗಿ ಮಾರಿ. ಮನೆಯ ಸಾಮಾನು ಮುಗಿದ ಮೇಲೆ ಚಿಕ್ಕಪೇಟೆ ಸುತ್ತಿನ ಸಂಡೇ ಬಜಾರ್, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿ, ನಿಮ್ಮೂರಿನ ಗುಜರಿಯವರು ಇದ್ದಾರೆ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ಯಾವ ಬಗೆಯ ವಸ್ತುವಿಗೆ ನಿಮ್ಮ ಹರಾಜಿನಲ್ಲಿ ಮತ್ತೆ ಮತ್ತೆ ಇಬ್ಬರು ಪೈಪೋಟಿಗೆ ಬಿದ್ದರೋ ಅದನ್ನಷ್ಟೇ ಕೊಳ್ಳಿ. ಸೋತವರಿಗೂ ಮುಂದಿನ ಹರಾಜಿನ ದಿನವನ್ನು ತಾಣದ ಸಂದೇಶದಲ್ಲೇ ತಿಳಿಸಿ. ನಿಮ್ಮ ಮುಂದಿನ ಗಿರಾಕಿ ಅವರೇ.