ಜಲಶಾಸ್ತ್ರಜ್ಞನ ಕಾರ್ಯವೂ ಬಾವಿಯ ಅಳತೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹೊಲದೊಡೆಯರಿಗೂ ಗ್ರಾಮದ ಮುಖಂಡರಿಗೂ

ಸಾಲ ತೆಗೆದು ಬಾವಿ ತೋಡಿಸಿದ ಒಕ್ಕಲಿಗನಿಗೆ ನೀರು ಬೀಳದಿದ್ದರೆ ಸಾಲವೊಂದೇ ಉಳಿಯುವುದು. ಆದಕಾರಣ ಕೊಳವೆ ಇಳಿಸುವುದಕ್ಕೆ ಮೊದಲು ಜಲಶಾಸ್ತ್ರಜ್ಞನನ್ನು ವಿಚಾರಿಸುವುದು ಯುಕ್ತವು. ಆತನು ಏನು ಬಲ್ಲನು, ಏನು ಹೇಳಲಾರನು ಎಂಬುದನ್ನೂ ತಿಳಿದಿರತಕ್ಕದ್ದು.

ಈ ಸೀಮೆಯ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗಿರುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದದ್ದೇ ಇದು. ಪದರದ ಮೇಲ್ಭಾಗವು ತೂತುತೂತಾಗಿರುವುದು. ಅದು ಶಿಥಿಲವಾಗಿದ್ದರೆ ನೀರನ್ನು ಹಿಡಿಯುವುದು. ನಡುಭಾಗವು ಘನವಾದದ್ದು; ಅಲ್ಲಿ ಬಿರುಕಿದ್ದರೆ ಮಾತ್ರ ನೀರುಂಟು. ಒಬ್ಬನ ಬಾವಿ ತುಂಬಿರಲು ನೆರೆಯವನ ಬಾವಿ ಬತ್ತುವುದು ಇದರಿಂದಲೇ, ದೈವದ ಕೋಪದಿಂದಲ್ಲ. ತಾಳಿಕೋಟೆಯ ಕಡೆಗೆ ಸುಣ್ಣಕಲ್ಲು ಕಾಣುವುದರಿಂದ ಅಲ್ಲಿಯ ಲೆಕ್ಕ ಬೇರೆ.

ಶಾಸ್ತ್ರಜ್ಞನು ನೆಲದಲ್ಲಿ ಲೋಹದ ಗೂಟಗಳನ್ನು ನೆಟ್ಟು ವಿದ್ಯುತ್ತನ್ನು ಹಾಯಿಸಿ, ನೆಲವು ಅದನ್ನು ಎಷ್ಟು ತಡೆಯುವುದೆಂದು ಅಳೆಯುವನು. ಒಣಗಿದ ಗಟ್ಟಿಕಲ್ಲು ಬಹಳ ತಡೆಯುವುದು. ನೀರುಳ್ಳ ಕಲ್ಲು ಕಡಮೆ ತಡೆಯುವುದು. ಆದರೆ ಜೇಡಿಮಣ್ಣೂ ಸವಳು ನೀರೂ ಹಾಗೆಯೇ ಕಡಮೆ ತಡೆಯುವುವು. ಆದುದರಿಂದ ಯಂತ್ರವೊಂದನ್ನೇ ನೆಚ್ಚಿ, ಇಲ್ಲಿ ಇಷ್ಟು ಇಂಚು ನೀರು ಬಿದ್ದೇ ಬೀಳುವುದೆಂದು ಆಣೆಯಿಡುವವನಿಗೆ ಹಣ ಕೊಡಬೇಡಿರಿ. ಬಲ್ಲವನು ಮೊದಲು ಹಳ್ಳದ ದಂಡೆಯ ಕಲ್ಲನ್ನೂ ಸುತ್ತಲಿನ ಹಳೆಯ ಬಾವಿಗಳನ್ನೂ ನೋಡುವನು.

ನೀರು ಸಿಕ್ಕಮೇಲೆ ಅದರ ಗುಣದ ಪ್ರಶ್ನೆ. ಡೋಣಿ ಹರಿದರೆ ಕಾಳಿಗೆ ಬರವಿಲ್ಲವೆಂದು ಜನರು ಹೇಳುವರು. ಆದರೂ ಆ ಹೊಳೆಯ ನೀರು ಸವಳೆಂಬುದು ಸರ್ವರಿಗೂ ತಿಳಿದದ್ದೇ. ಸೋಡಿಯಂ ಹೆಚ್ಚಾಗಿರುವ ನೀರನ್ನು ಎರೆಭೂಮಿಗೆ ಹಾಯಿಸುತ್ತ ಹೋದರೆ ಮಣ್ಣಿನ ಸಂದುಗಳು ಮುಚ್ಚಿ, ಮಳೆಯ ನೀರು ಸಹ ಇಂಗದಂತಾಗುವುದು. ನಿಂಬೆಯ ಗಿಡವು ಉಪ್ಪನ್ನು ಸಹಿಸುವುದಿಲ್ಲ. ಇಂಡಿಯ ತೋಟದವರು ಸಸಿ ನೆಡುವುದಕ್ಕೆ ಮೊದಲೇ ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು.

ಕೇಂದ್ರ ಅಂತರ್ಜಲ ಮಂಡಳಿಯು ಗೊತ್ತುಮಾಡಿದ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ 4 ಸಲ ಅಳೆಯುವುದುಂಟು. ಪ್ರತಿ ಹಳ್ಳಿಯಲ್ಲಿ ಅಂಥ ಬಾವಿ ಇರಲಾರದು. ಗ್ರಾಮದ ಮುಖಂಡರು, ನೀರೆತ್ತದ ತೆರೆದ ಬಾವಿಯೊಂದನ್ನು ಆರಿಸಿ, ಕಟ್ಟೆಯ ಮೇಲೆ ಗುರುತು ಕೊರೆದು, ಭಾರ ಕಟ್ಟಿದ ಅಳತೆಪಟ್ಟಿಯಿಂದ ಜನವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ಬೆಳಗಿನ ಜಾವ ಅಳೆದು ಬರೆದಿಡಬೇಕು. ಮೇ ತಿಂಗಳಿಂದ ನವೆಂಬರಿಗೆ ನೀರು ಎಷ್ಟು ಏರಿತೆಂಬುದರಿಂದ ಆ ವರ್ಷದ ಇಂಗುವಿಕೆ ತಿಳಿಯುವುದು. ಮಳೆ ಸರಿಯಾಗಿದ್ದೂ ಮೇ ತಿಂಗಳ ಮಟ್ಟವು ವರ್ಷವರ್ಷಕ್ಕೆ ಕೆಳಗಿಳಿಯುತ್ತಿದ್ದರೆ, ಇಂಗುವುದಕ್ಕಿಂತ ಎತ್ತುವುದೇ ಹೆಚ್ಚಾಗಿದೆಯೆಂದು ಅರಿತು, ಹೊಸ ಕೊಳವೆಯ ಮಾತನ್ನು ತಡೆಯುವುದು ಲೇಸು. ಕಟ್ಟೆಯನ್ನು ಎತ್ತರಿಸಿ ಕಟ್ಟಿದರೆ ಎಷ್ಟು ಎತ್ತರಿಸಿದಿರೆಂಬುದನ್ನು ಅದೇ ಪುಸ್ತಕದಲ್ಲಿ ಬರೆಯಲು ಮರೆಯಬಾರದು.